ಮೇಲಿನಿಂದ ನೋಡುವ ತಾಂಡೇಲ

ಗಂಗೊಳ್ಳಿಯ ಅಳಿವೆ ಹತ್ತಿರ ನಿಂತು ಸಮುದ್ರ ನೋಡಿದ್ದೀರಾ? ಗಾಳಿ ಬಿದ್ದ ಕಡೆ ನೀರು ಕಪ್ಪಾಗುತ್ತದೆ, ಮೈಮೇಲೆ ಸಣ್ಣ ನಿರಿಗೆ ಏಳುತ್ತದೆ. ಗಾಳಿ ಇಲ್ಲದ ಕಡೆ ಎಣ್ಣೆ ಸುರಿದ ಹಾಗೆ ನುಣುಪು. ಅಪ್ಪ ಬೋಟು ನಡೆಸುವ ತಾಂಡೇಲರಾಗಿದ್ದವರು, ಅದನ್ನು ನೋಡಿಯೇ ಗಾಳಿ ಯಾವ ಕಡೆಯದು, ಎಷ್ಟು ಜೋರು ಅಂತ ಹೇಳಿಬಿಡುತ್ತಿದ್ದರು. ಉಪಗ್ರಹವೂ ಅದೇ ನಿರಿಗೆಯನ್ನು ನೋಡುತ್ತದೆ ಅಂತ ಓದಿದ ದಿನ, ಅಪ್ಪನಿಗೆ ಹೇಳುವ ತನಕ ನನಗೆ ಸಮಾಧಾನ ಇರಲಿಲ್ಲ.

ಹಾಗೆ ನಿರಿಗೆ ನೋಡುವ ಉಪಕರಣದ ಹೆಸರು ಸ್ಕ್ಯಾಟರೋಮೀಟರ್. ಇಸ್ರೋ 2009ರಲ್ಲಿ ಹಾರಿಸಿದ ಓಷನ್‌ಸ್ಯಾಟ್-2ರಲ್ಲಿ ಇತ್ತು, 2016ರ ಸ್ಕ್ಯಾಟ್‌ಸ್ಯಾಟ್-1ರಲ್ಲಿ ಇತ್ತು, 2022ರಲ್ಲಿ ಹೋದ ಓಷನ್‌ಸ್ಯಾಟ್-3ರಲ್ಲೂ ಇದೆ. 700 ಕಿ.ಮೀ.ಗೂ ಜಾಸ್ತಿ ಎತ್ತರದಿಂದ ಅದು ರೇಡಾರ್ ಅಲೆ ಬಿಡುತ್ತದೆ. ನೀರು ನುಣುಪಾಗಿದ್ದರೆ ಅಲೆ ಆಚೆ ಜಾರಿಹೋಗುತ್ತದೆ, ನಿರಿಗೆ ಇದ್ದರೆ ಒಂದಿಷ್ಟು ವಾಪಸ್ ಬರುತ್ತದೆ. ಒಂದೆರಡು ಸೆಂಟಿಮೀಟರಿನ ನಿರಿಗೆ, ಅಷ್ಟೇ! ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡಿ ಗಾಳಿಯ ದಿಕ್ಕನ್ನೂ ಲೆಕ್ಕ ಹಾಕುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, ಈ ಹೊತ್ತಿನ ಗಾಳಿ, ಒತ್ತಡ, ತೇವ ಗೊತ್ತಿಲ್ಲದೆ ಕಂಪ್ಯೂಟರ್ ನಾಳೆಯ ಹವಾಮಾನ ಹೇಳಲಾರದು. ನೆಲದ ಮೇಲೆ ಅಳೆಯುವ ಕೇಂದ್ರಗಳಿವೆ. ನಡುಸಮುದ್ರದಲ್ಲಿ ಏನಿದೆ? ಅಲ್ಲೊಂದು ಇಲ್ಲೊಂದು ಅಳತೆಯ ಉಪಕರಣ ಹೊತ್ತು ತೇಲುವ ಬಾಯ್, ಕೆಲವು ಹಡಗು, ಅವೂ ತೂಫಾನ್ ಕಂಡರೆ ದೂರ ಹೋಗುತ್ತವೆ, ಅಲ್ವಾ? 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಅಪ್ಪಳಿಸಿದ ಸ್ಯಾಂಡಿ ಚಂಡಮಾರುತದ ಲೆಕ್ಕವನ್ನು ಯುರೋಪಿನ ಹವಾಮಾನ ಕೇಂದ್ರದವರು ಆಮೇಲೆ ಇನ್ನೊಮ್ಮೆ ಮಾಡಿ ನೋಡಿದರು, ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳ ಮಾಹಿತಿ ತೆಗೆದುಹಾಕಿ. ಆಗ ಐದು ದಿನ ಮುಂಚಿನ ಲೆಕ್ಕದಲ್ಲಿ ಚಂಡಮಾರುತ ದಡಕ್ಕೇ ಬರಲಿಲ್ಲ, ಸಮುದ್ರದಲ್ಲೇ ಉಳಿಯಿತು. ಆ ಸ್ಯಾಂಡಿಯ ಗಾಳಿಯನ್ನು ನಮ್ಮ ಓಷನ್‌ಸ್ಯಾಟ್-2 ಕೂಡ ಅಳೆದಿತ್ತು.

2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಸಮುದ್ರಕ್ಕೆ ಇಳಿಯಬೇಡಿ ಅಂತ ಮೊದಲೇ ಹೇಳಿದ್ದರು. ಬೋಟುಗಳನ್ನು ಎರಡೆರಡು ಹಗ್ಗ ಹಾಕಿ ಕಟ್ಟುವಷ್ಟು ಸಮಯ ಸಿಕ್ಕಿತು. ಸುಮ್ನೆ ಸಿಕ್ಕಿದ ಸಮಯ ಅಲ್ಲ ಅದು.

ಇದೆಲ್ಲ ಕೇಳಿ ಅಪ್ಪ ಒಂದೇ ಪ್ರಶ್ನೆ ಹಾಕಿದರು. "ಮಳೆ ಹೊಯ್ಯುವಾಗ್ಲೂ ಅದಕ್ಕೆ ಕಾಣತ್ತಾ?"

ಅವರು ಕೈಯಿಟ್ಟಿದ್ದು ಸರಿಯಾದ ಜಾಗಕ್ಕೇ. ಈ ರೇಡಾರಿನ ದೊಡ್ಡ ತೊಂದರೆಯೇ ಮಳೆ. ಹನಿ ಬಿದ್ದು ನೀರಿನ ನಿರಿಗೆ ಕೆಡುತ್ತದೆ, ರೇಡಾರ್ ಅಲೆಯೂ ದಾರಿಯಲ್ಲೇ ಸೊರಗುತ್ತದೆ, ತೂಫಾನಿನ ಹೊಟ್ಟೆಯಲ್ಲಿ ಮಳೆ ಬಿಟ್ಟು ಬೇರೇನಿರುತ್ತದೆ? ಅದಕ್ಕೇ ಮಳೆ ದಾಟಿ ನೋಡಬಲ್ಲ ಉದ್ದ ಅಲೆಯ ಬೇರೆ ಉಪಗ್ರಹಗಳನ್ನೂ ಜೊತೆಗೆ ಬಳಸುತ್ತಾರೆ ಅಂದೆ.

ಅಪ್ಪ ತಲೆಯಾಡಿಸಿದರು. "ಮಳೆ ಒಳಗೆ ನಮಗೂ ಕಾಣುದಿಲ್ಲ" ಅಂದರು.