ಲಗ್ನಪತ್ರಿಕೆಯ ಮೊದಲ ಸಾಲು

ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಒಂದು ಅನುಕೂಲ ಇದೆ. ಊರಿನ ಎಲ್ಲ ಥರದ ಜನ ಒಂದಲ್ಲ ಒಂದು ದಿನ ನಮ್ಮ ಅಂಗಡಿ ಮೆಟ್ಟಿಲು ಹತ್ತಲೇಬೇಕು. ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮ ಪ್ರೆಸ್ಸು. ಲಗ್ನದ ಸೀಜನ್ ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ.

ಒಳಗಿನ ಮಜಕೂರು ಎಲ್ಲರದೂ ಹೆಚ್ಚುಕಮ್ಮಿ ಒಂದೇ. ತಾರೀಖು, ಮಂಗಲ ಕಾರ್ಯಾಲಯ, ಸುಖಾಗಮನ ಬಯಸುವವರು. ಬೇರೆಯಾಗುವುದು ಎಲ್ಲಕ್ಕಿಂತ ಮೇಲಿನ ಸಾಲು. ಗಜಾನನ, ಬಸವಲಿಂಗ, ಜೈನರ ಣಮೋಕಾರ ಮಂತ್ರ, ನಮೋ ಬುದ್ಧಾಯ, ಬೈಬಲ್ ವಚನ.

ಹೆಸರು ನೋಡಿ ಆ ಸಾಲನ್ನು ನಾವೇ ಹಾಕಿಬಿಡಬಾರದು. ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದೇ ಇದು. ಒಂದೇ ಓಣಿ, ಒಂದೇ ಅಡ್ಡಹೆಸರಿನ ಎರಡು ಲಿಂಗಾಯತ ಮನೆ ಅನ್ನಿ. ಒಬ್ಬರಿಗೆ ಗಣಪ್ಪ ಇಲ್ಲದಿದ್ದರೆ ಕಾರ್ಡೇ ಬೇಡ. ಇನ್ನೊಬ್ಬರಿಗೆ ಗಣಪ್ಪನೂ ಬೇಡ, ಮುಹೂರ್ತವೂ ಬೇಡ, ಬಸವಣ್ಣನ ವಚನ ಸಾಕು. ಯಾರು ಸರಿ ಅಂತ ತೀರ್ಮಾನ ಮಾಡೋಕೆ ನಾನ್ಯಾರು? ವಚನದಲ್ಲಿ ಕಾಗುಣಿತ ತಪ್ಪದಂತೆ ನೋಡಿಕೊಂಡರೆ ನನ್ನ ಕೆಲಸ ಆಯಿತು.

ಮುಸ್ಲಿಮರ ಕಾರ್ಡು ಬಹಳಷ್ಟು ಎರಡು ಭಾಷೆಯವು. ಒಂದು ಬದಿ ಉರ್ದು, ಇನ್ನೊಂದು ಬದಿ ಗೆಳೆಯರು, ಅಕ್ಕಪಕ್ಕದವರಿಗಾಗಿ ಕನ್ನಡ. ಕನ್ನಡ 'ನುಡಿ' ಸಾಫ್ಟ್‌ವೇರಿನಲ್ಲಿ, ಉರ್ದು ಇನ್‌ಪೇಜ್‌ನಲ್ಲಿ ಟೈಪ್ ಆಗುತ್ತದೆ. ಉರ್ದು ಬಲದಿಂದ ಓದುವುದರಿಂದ ಮಡಿಕೆಯೂ ಉಲ್ಟಾ. ಇನ್ನು ಮೇಲಿನ ಸಾಲು. ಕೆಲವರಿಗೆ ಪೂರ್ತಿ ಬಿಸ್ಮಿಲ್ಲಾ ಬೇಕು, ಕೆಲವರಿಗೆ 786 ಸಾಕು. ಅರಬ್ಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅಂಕಿಯ ಬೆಲೆ ಇದೆ. ಬಿಸ್ಮಿಲ್ಲಾದ ಅಕ್ಷರ ಕೂಡಿದರೆ 786. ನೇರವಾಗಿ ಯಾಕೆ ಬರೆಸಲ್ಲ ಅಂತ ಒಬ್ಬ ಹಿರಿಯ ಗಿರಾಕಿಯನ್ನು ಕೇಳಿದೆ.

"ಲಗ್ನ ಮುಗದ ಮ್ಯಾಲ ಕಾರ್ಡು ಎಲ್ಲಿ ಹೋಗತಾವು ಹೇಳ್ರಿ? ಕಸದಾಗ. ದೇವರ ಹೆಸರು ಕಾಲಾಗ ಬೀಳಬಾರದು ನೋಡ್ರಿ."

ಮನೆದೇವರ ಫೋಟೊ ಬೇಡ ಅನ್ನುವ ಹಿಂದೂಗಳೂ ಇದೇ ಕಾರಣ ಕೊಡುತ್ತಾರೆ. ನಮ್ಮಲ್ಲಿ ಕೆಟ್ಟ ಪ್ರಿಂಟಿಗೆ ಒಂದು ಬೇರೆ ಡಬ್ಬಿ ಇದೆ. ಯಾವ ದೇವರ ಹೆಸರಿದ್ದರೂ ಆ ಹಾಳೆಯಲ್ಲಿ ಮಸಿ ಒರೆಸುವ ಹಾಗಿಲ್ಲ, ರದ್ದಿಗೆ ಹಾಕುವ ಹಾಗಿಲ್ಲ. ಹುಡುಗರು ಒಮ್ಮೊಮ್ಮೆ ಗೊಣಗುತ್ತಾರೆ. ಗೊಣಗಲಿ.

ಮೇಲಿನ ಸಾಲಿನ ಮಾತು ಬಂದರೆ ನನಗೆ ನಮ್ಮೂರಿನ ಎರಡನೇ ಇಬ್ರಾಹಿಂ ಆದಿಲ್‌ಶಾಹನ ನೆನಪಾಗುತ್ತದೆ. 1580ರಿಂದ 1627ರವರೆಗೆ ಆಳಿದ ಸುಲ್ತಾನ. ಅವನು ದಖನಿ ಉರ್ದುವಿನಲ್ಲಿ ಬರೆದ ಹಾಡುಗಳ ಪುಸ್ತಕ 'ಕಿತಾಬ್-ಎ-ನವರಸ್' ಶುರುವಾಗುವುದೇ ಸರಸ್ವತಿಯ ಸ್ತುತಿಯಿಂದ. ಪ್ರವಾದಿ, ಕಲಬುರಗಿಯ ಸೂಫಿ ಸಂತ ಗೇಸುದರಾಜರೂ ಅದರಲ್ಲಿ ಇದ್ದಾರೆ. ಜಗದ್ಗುರು ಬಾದಶಹ ಅಂತ ಸುಮ್ನೆ ಕರೆದರಾ? ಅವನ ಗೋರಿ ಇರುವ ಇಬ್ರಾಹಿಂ ರೋಜಾಕ್ಕೆ ಹೋದವರು ಕಟ್ಟಡದ ಫೋಟೊ ತೆಗೆದು ಬರುತ್ತಾರೆ, ಈ ಕತೆ ಯಾರಿಗೂ ಗೊತ್ತಿರಲ್ಲ.

ಸರ್ವಧರ್ಮ ಸಭೆಯ ಕಾರ್ಡು ಬಂದರೆ ಮಾತ್ರ ನನಗೆ ನಡುಕ. ಸಾನ್ನಿಧ್ಯ ಸ್ವಾಮಿಗಳದು, ಉದ್ಘಾಟನೆ ಮೌಲಾನಾ ಅವರದು, ಮುಖ್ಯ ಅತಿಥಿ ಫಾದರ್. ಅವರದೇನೂ ತಕರಾರಿಲ್ಲ, ಪಾಪ. ಜಗ್ಗಾಟ ಎಲ್ಲ ಕಮಿಟಿಯವರದು. ಯಾರ ಹೆಸರು ಮೊದಲು, ಯಾರ ಫೋಟೊ ದೊಡ್ಡದು ಅಂತ ಪ್ರೂಫ್ ಮೇಲೆ ಪ್ರೂಫ್. ಒಮ್ಮೆ ಬೇಸತ್ತು, ಫೋಟೊಗಳನ್ನೆಲ್ಲ ದುಂಡಗೆ ಜೋಡಿಸೋಣ ಅಂದೆ. ಎಲ್ಲರೂ ಭೇಷ್ ಅಂದರು. ಚಹಾ ಬರುವಷ್ಟರಲ್ಲಿ ಒಬ್ಬರು ಕೇಳಿದರು, "ಅಲ್ರೀ, ಮ್ಯಾಲಿನ ತುದಿಗೆ ಯಾರು ಬರತಾರ?"