ಕಾರ್ಡ್ ಸರಿ, ಆ ಹಳೇ ಪತ್ರಿಕೆಗಳು ಯಾಕೆ?

"ಹಳೇ ಬೇಸ್‌ಬಾಲ್ ಕಾರ್ಡಿಗಾದರೆ ಬೆಲೆ ಇದೆ. ಟೈಪ್ ಮಾಡಿ ಸೈಕ್ಲೋಸ್ಟೈಲ್ ತೆಗೆದ ಈ ಕಾಗದಗಳನ್ನು ಯಾಕೆ ಕೂಡಿಡುತ್ತೀರಿ?" ಅಮೆರಿಕದಲ್ಲಿರುವ ಗೆಳೆಯರೂ ಕೇಳುತ್ತಾರೆ, ಊರಿಗೆ ಹೋದರೆ ಚಿಕ್ಕಪ್ಪನೂ ಕೇಳುತ್ತಾರೆ. ಕಾರ್ಡ್ ಸಂಗ್ರಹಿಸುವವರು ಒಬ್ಬರಿಗೊಬ್ಬರು ಬರೆದುಕೊಂಡ ಪತ್ರಿಕೆಗಳು ಇವು. ನನ್ನ ಉತ್ತರ ಇಷ್ಟೇ: ಇವು ಇಲ್ಲದಿದ್ದರೆ ನಮ್ಮ ಹತ್ತಿರ ಏನಿಲ್ಲ ಅನ್ನುವುದೇ ನಮಗೆ ಗೊತ್ತಾಗುತ್ತಿರಲಿಲ್ಲ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು, ತಂಬಾಕಿನ ಪ್ಯಾಕುಗಳಲ್ಲಿ ಪುಟ್ಟ ಕಾರ್ಡ್ ಇಟ್ಟು ಮಾರಿತು. ಮುಂದೆ ಆಟಗಾರನ ಬಣ್ಣದ ಚಿತ್ರ. ಹಿಂದೆ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್, ಪೋಲಾರ್ ಬೇರ್ ಹೀಗೆ ಯಾವುದೋ ಒಂದು ಬ್ರ್ಯಾಂಡಿನ ಜಾಹೀರಾತು. ಎಷ್ಟೋ ಕಾರ್ಡುಗಳ ಬೆನ್ನ ಮೇಲೆ 150 ಚಿತ್ರ, 350 ಚಿತ್ರ ಅಂತ ಲೆಕ್ಕವೇನೋ ಅಚ್ಚಾಗಿತ್ತು. ಆದರೆ ಯಾರ್ಯಾರ ಚಿತ್ರ? ಅದಕ್ಕೆ ಪಟ್ಟಿ ಇಲ್ಲ, ಕಾರ್ಡಿನ ಮೇಲೆ ನಂಬರ್ ಕೂಡ ಇಲ್ಲ. ನಿಮ್ಮ ಹತ್ತಿರ 200 ಇದ್ದರೆ ಅದು ಅರ್ಧವೋ ಮುಕ್ಕಾಲೋ, ಹೇಳುವವರೇ ಇಲ್ಲ.

ನಂಬರ್ ಇದ್ದರೆ ಏನಾಗುತ್ತದೆ ಅಂತ 1933ರಲ್ಲಿ ಗೊತ್ತಾಯಿತು. ಗೌಡಿ ಅನ್ನುವ ಗಮ್ ಕಂಪನಿ 240 ಕಾರ್ಡುಗಳ ಸೆಟ್ ತಂದಿತು, ಪ್ರತಿಯೊಂದಕ್ಕೂ ನಂಬರ್. ಆದರೆ 106ನೇ ಕಾರ್ಡನ್ನು ಆ ವರ್ಷ ಅಚ್ಚು ಹಾಕಲೇ ಇಲ್ಲ. ಮಕ್ಕಳು ಗಮ್ ಮೇಲೆ ಗಮ್ ಕೊಂಡರೂ ಅದು ಸಿಗದು. ಬಿಗ್ ಫನ್ ಗಮ್ಮಿನ ಕ್ರಿಕೆಟ್ ಚೀಟಿ ಕೂಡಿಸಿದ ನಮ್ಮ ವಯಸ್ಸಿನವರಿಗೆ ಆ ಸಂಕಟ ಚೆನ್ನಾಗಿಯೇ ಅರ್ಥವಾಗುತ್ತದೆ, ಅಲ್ವಾ? ಕಂಪನಿಗೆ ದೂರಿನ ಕಾಗದಗಳು ಹೋದವು. ಮರುವರ್ಷ ನ್ಯಾಪ್ ಲಾಜೊವೇ ಎಂಬ ಹಳೆಯ ಆಟಗಾರನ ಚಿತ್ರ ಹಾಕಿ 106 ಅಂತ ಅಚ್ಚು ಮಾಡಿ, ಕೇಳಿದವರಿಗೆ ಅಂಚೆಯಲ್ಲಿ ಕಳಿಸಿದರು. ಕಾಗದಕ್ಕೆ ಕ್ಲಿಪ್ ಹಾಕಿ ಕಳಿಸಿದ್ದರಿಂದ ಉಳಿದಿರುವ ಆ ಕಾರ್ಡುಗಳಲ್ಲಿ ಹಲವಕ್ಕೆ ಇವತ್ತಿಗೂ ಕ್ಲಿಪ್ಪಿನ ಗುರುತು ಇದೆ.

ಸಿಗರೇಟಿನ ಕಾರ್ಡಿಗೆ ಈ ಭಾಗ್ಯ ಇರಲಿಲ್ಲ. ಅದರ ಪಟ್ಟಿಯನ್ನು ಸಂಗ್ರಹಿಸುವವರೇ ಮಾಡಬೇಕಾಯಿತು. ಇಲ್ಲಿಗೆ ಜೆಫರ್ಸನ್ ಬರ್ಡಿಕ್ ಬರುತ್ತಾರೆ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನವರು. ವಿದ್ಯುತ್ ಸಾಮಾನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಮದುವೆ ಇಲ್ಲ, ದುಡ್ಡು ಜಾಸ್ತಿ ಇಲ್ಲ, ಮೈತುಂಬಾ ಸಂಧಿವಾತ. 1937ರಲ್ಲಿ ಅವರು 'ಕಾರ್ಡ್ ಕಲೆಕ್ಟರ್ಸ್ ಬುಲೆಟಿನ್' ಶುರು ಮಾಡಿದರು. ಬೇರೆ ಬೇರೆ ಊರುಗಳಲ್ಲಿ ತಮ್ಮ ಪಾಡಿಗೆ ತಾವು ಕಾರ್ಡ್ ಕೂಡಿಸುತ್ತಿದ್ದವರು ಆ ಕೆಲವು ಹಾಳೆಗಳಲ್ಲಿ ಒಬ್ಬರಿಗೊಬ್ಬರು ಪರಿಚಯವಾದರು. ನಿಮ್ಮಲ್ಲಿ ಇರುವುದನ್ನು ನೀವು ಬರೆಯಿರಿ, ನನ್ನಲ್ಲಿರುವುದನ್ನು ನಾನು ಬರೆಯುತ್ತೇನೆ. ಹೀಗೆ ಹೆಸರಿಗೆ ಹೆಸರು ಸೇರಿ ಪಟ್ಟಿ ಬೆಳೆಯಿತು.

1939ರಲ್ಲಿ ಅದೆಲ್ಲ ಸೇರಿ ಒಂದು ಕ್ಯಾಟಲಾಗ್ ಆಯಿತು. ಮುಂದೆ ಅದಕ್ಕೆ 'ಅಮೆರಿಕನ್ ಕಾರ್ಡ್ ಕ್ಯಾಟಲಾಗ್' ಅಂತ ಹೆಸರಾಯಿತು. ಇಪ್ಪತ್ತನೇ ಶತಮಾನದ ತಂಬಾಕಿನ ಕಾರ್ಡಿಗೆ ಟಿ, ಹತ್ತೊಂಬತ್ತನೆಯದಕ್ಕೆ ಎನ್, ಹಳೇ ಮಿಠಾಯಿ ಕಾರ್ಡಿಗೆ ಇ, ಆಗಿನ ಕಾಲದ ಗಮ್ ಕಾರ್ಡಿಗೆ ಆರ್. ಅಕ್ಷರದ ಮುಂದೆ ನಂಬರ್. ಆ ಸಿಗರೇಟಿನ ಸೆಟ್ಟಿಗೆ ಸಿಕ್ಕ ನಂಬರ್ ಟಿ206. ಲಕ್ಷಾಂತರ ಡಾಲರಿನ ವ್ಯವಹಾರ ಮಾಡುವ ಹರಾಜು ಮನೆಗಳು ಇವತ್ತಿಗೂ ಅದನ್ನು ಹಾಗೇ ಕರೆಯುತ್ತವೆ. ಈಗ ಆ ಸೆಟ್ಟಿನಲ್ಲಿ 524 ಕಾರ್ಡ್ ಅಂತ ಎಣಿಸುತ್ತಾರೆ.

ಇದೇ ಸೆಟ್ಟಿನಲ್ಲಿರುವ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡ್ ಬಗ್ಗೆ ನೀವು ಕೇಳಿರಬಹುದು. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಹೋಯಿತು. ಅದು ಅಪರೂಪ ಅಂತ ಮೊದಲು ಗೊತ್ತಾದದ್ದು ಹೇಗೆ? ಒಬ್ಬನ ಪೆಟ್ಟಿಗೆಯಲ್ಲಿ ವ್ಯಾಗ್ನರ್ ಇಲ್ಲದಿದ್ದರೆ ಅದು ಅವನ ದುರದೃಷ್ಟ ಅಷ್ಟೇ. ಹತ್ತಾರು ಊರಿನವರ ಪಟ್ಟಿಗಳಲ್ಲೂ ಇಲ್ಲ ಅಂದಾಗ ಅದು ಸುದ್ದಿ. ಬಿಡಿ ಕಾರ್ಡುಗಳು ಕೆಲವೇ ಸೆಂಟಿಗೆ ಸಿಗುತ್ತಿದ್ದ ಕಾಲದಲ್ಲಿ ಬರ್ಡಿಕ್ ಕ್ಯಾಟಲಾಗ್ ವ್ಯಾಗ್ನರ್ ಬೆಲೆಯನ್ನು 50 ಡಾಲರ್ ಅಂತ ಹಾಕಿತು. ಆ 50 ಡಾಲರಿನ ಹಿಂದೆ ಇದ್ದದ್ದು ಈ ಕಾಗದಗಳ ಓಡಾಟ.

ಬರ್ಡಿಕ್ ತಮ್ಮ ಸಂಗ್ರಹ ಮಾರಲಿಲ್ಲ. 1947ರಿಂದ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಡುತ್ತಾ ಬಂದರು. ಒಟ್ಟು 3 ಲಕ್ಷಕ್ಕೂ ಹೆಚ್ಚು ಕಾಗದದ ವಸ್ತುಗಳು, ಅದರಲ್ಲಿ ಬೇಸ್‌ಬಾಲ್ ಕಾರ್ಡ್ ಸುಮಾರು 30 ಸಾವಿರ. ಬೆರಳು ಮಡಿಸಲಾಗದ ಸ್ಥಿತಿಯಲ್ಲೂ ಮ್ಯೂಸಿಯಂನ ಮೂಲೆಯ ಮೇಜಿನಲ್ಲಿ ಕೂತು ಆಲ್ಬಮ್‌ಗಳಿಗೆ ತಾವೇ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚ್‌ನಲ್ಲಿ ತೀರಿಕೊಂಡರು. ಈ ಮನುಷ್ಯನ ಬಗ್ಗೆ ನನಗಿರುವ ಗೌರವ ಯಾವ ಆಟಗಾರನ ಮೇಲೂ ಇಲ್ಲ.

ಬುಲೆಟಿನ್ ಅಷ್ಟು ಹೊತ್ತಿಗೆ ಪೆನ್ಸಿಲ್ವೇನಿಯಾದ ಚಾರ್ಲ್ಸ್ ಬ್ರೇ ಕೈಗೆ ಹೋಗಿತ್ತು. ಅವರು ಅಂಚೆಯಲ್ಲೇ ಹರಾಜು ನಡೆಸಿದರು. 1968ರಲ್ಲಿ ಡ್ಯಾನ್ ಡಿಶ್ಲಿ 'ದ ಟ್ರೇಡರ್ ಸ್ಪೀಕ್ಸ್' ಶುರು ಮಾಡಿದರು, 1973ರಲ್ಲಿ 'ಸ್ಪೋರ್ಟ್ಸ್ ಕಲೆಕ್ಟರ್ಸ್ ಡೈಜೆಸ್ಟ್' ಬಂತು. 1984ರಲ್ಲಿ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ಬೆಕೆಟ್ ಅವರ ಮಾಸಪತ್ರಿಕೆ ಬಂದ ಮೇಲೆ ಹವ್ಯಾಸದ ದಿಕ್ಕೇ ಬದಲಾಯಿತು. ಬೆಲೆ ಏರಿತೋ ಇಳಿದಿದೆಯೋ ಅಂತ ಬಾಣದ ಗುರುತು ಹಾಕಿ ತಿಂಗಳು ತಿಂಗಳು ತೋರಿಸಿದರು. ಉಪಯೋಗದ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಓದುವವನು ಬೆಲೆ ನೋಡುತ್ತಾನೆ. ಬುಲೆಟಿನ್ ಓದುತ್ತಿದ್ದವನು ಪಟ್ಟಿಗೆ ತನ್ನದೂ ಒಂದು ಹೆಸರು ಸೇರಿಸಿ ಬರೆಯುತ್ತಿದ್ದ. ನಾನು ಹುಡುಕಿ ತರುವುದು ಆ ಎರಡನೆಯವನ ಕಾಗದಗಳನ್ನು.

ನಿಮಗೂ ಕುತೂಹಲ ಇದ್ದರೆ ದುಡ್ಡು ಖರ್ಚು ಮಾಡಬೇಕಿಲ್ಲ. ಬರ್ಡಿಕ್ ಕೊಟ್ಟ ಕಾರ್ಡುಗಳಲ್ಲಿ ಸಾವಿರಾರು ಚಿತ್ರಗಳನ್ನು ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಬರ್ಡಿಕ್ ಹೆಸರು, ಟಿ206 ಎರಡನ್ನೂ ಕೊಟ್ಟು ಹುಡುಕಿ.