ಪೈಪು ಮತ್ತು ಅಪ್ಪನ ಎದೆ

ಮೂಡಿಗೆರೆ ತೋಟದಲ್ಲಿ ಇವತ್ತು ಕಾಫಿ ಹೂವಿಗೆ ನೀರು ಹೊಡೆಯುತ್ತಿದ್ದೆವು. ಪೈಪು ಕವಲೊಡೆಯುವ ಕಡೆ ಕೆಸರು ಕಟ್ಟಿ ಸ್ಪ್ರಿಂಕ್ಲರ್ ಸುಮ್ನೆ ತೊಟ್ಟಿಕ್ಕುತ್ತಿತ್ತು. ಹೋದ ವರ್ಷ ಅಪ್ಪನ ಆಂಜಿಯೋಗ್ರಾಂ ತೋರಿಸುತ್ತಾ ಡಾಕ್ಟರ್ ಹೇಳಿದ್ದು ನೆನಪಾಯಿತು: ರಕ್ತನಾಳ ಕವಲೊಡೆಯುವ ಕಡೆ, ಹರಿವು ಗೋಡೆಯನ್ನು ಮೆಲ್ಲಗೆ ಉಜ್ಜುವ ಮೂಲೆಯಲ್ಲೇ ಕೊಬ್ಬು ಜಾಸ್ತಿ ಕೂರುತ್ತದೆ.

1840ರ ದಶಕದಲ್ಲೇ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ ಸಪೂರ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಲೆಕ್ಕ ಹಾಕಿದ್ದ. ಒತ್ತಡ ಅಷ್ಟೇ ಇದ್ದು ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧ ಅಲ್ಲ, 16ರಲ್ಲಿ 1 ಪಾಲು! ಈಗ ಸಿಟಿ ಸ್ಕ್ಯಾನ್ ಚಿತ್ರದಿಂದಲೇ ಕಂಪ್ಯೂಟರ್ ಹೃದಯದ ನಾಳಗಳಲ್ಲಿ ರಕ್ತದ ಹರಿವಿನ ಲೆಕ್ಕ ಹಾಕುತ್ತದೆ. ಸ್ಟೆಂಟ್ (ನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಬೇಕೋ ಬೇಡವೋ ಅಂತ ಡಾಕ್ಟರಿಗೆ ಅದೂ ಒಂದು ಆಧಾರ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಮೊದಲು ಆ ಜಾಯಿಂಟ್ ಬಿಚ್ಚಿ ತೊಳಿ ಮಾರಾಯ" ಎಂದರು.